ಓಡಿಸಿದವರ ಹೆಸರು

ನಡುರಾತ್ರಿ ಕಳೆದ ಮೇಲೆ ಕೆಳಗಡೆ ಟಿಣ್ ಎಂದು ಸಣ್ಣ ಸದ್ದಾಯಿತು. ಲೋಹ ಪಿಂಗಾಣಿಗೆ ತಾಗಿದಂಥ ಸದ್ದು. ನಾನು ಕಣ್ಣು ಬಿಟ್ಟೆ. ಪಕ್ಕದಲ್ಲಿ ಗಂಡ ಫರ್ಗಸ್ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದ. ಅಂದು ಇಡೀ ದಿನ ನಾವಿಬ್ಬರೂ ಅವನ ವ್ಯಾನಿನಲ್ಲಿ ಹಾಯಿಕ್ ಊರಿಗೆ ಹೋಗಿ ಅಲ್ಲಿನ ಕುದುರೆ ಮೆರವಣಿಗೆ ನೋಡಿ, ಅವನ ಅಕ್ಕನ ಮನೆಯಲ್ಲಿ ಊಟ ಮುಗಿಸಿ ತಡವಾಗಿ ಮರಳಿದ್ದೆವು. ನಾವು ಬಂದಾಗ ಅತ್ತೆ ಮೊರಾಗ್ ಅವರ ಕೋಣೆಯ ದೀಪ ಆರಿತ್ತು.

ಸದ್ದು ಕೇಳಿದರೆ ಎದ್ದು ಹೋಗಿ ನೋಡುವ ಜಾಯಮಾನ ನನ್ನದು. ಬಾಗಿಲ ಚಿಲಕ, ಗ್ಯಾಸಿನ ಒಲೆ, ಹಿತ್ತಿಲ ನಲ್ಲಿ ಎಲ್ಲವನ್ನೂ ಎರಡೆರಡು ಸಲ ನೋಡಿಯೇ ಮಲಗುವವಳು. ಅಂದು ಮಾತ್ರ ಕಾಲು ಸೋತಿತ್ತು. ಮೊರಾಗ್ ನೀರು ಕುಡಿಯಲು ಎದ್ದಿರಬೇಕು, ಲೋಟ ಸಿಂಕಿಗೆ ತಾಗಿರಬೇಕು ಎಂದುಕೊಂಡು ಹೊದಿಕೆ ಎಳೆದುಕೊಂಡೆ.

ಮರುದಿನ ಕೆಲಸಕ್ಕೆ ಹೊರಟಾಗ ಕಾರಿನ ಸೀಟು ಮುಂದಕ್ಕೆ ಬಂದಿತ್ತು. ಮೊಣಕಾಲು ಸ್ಟೀರಿಂಗಿಗೆ ತಾಗಿತು. ಆ ವಾರವಷ್ಟೇ ಕಾರು ಗ್ಯಾರೇಜಿಗೆ ಹೋಗಿ ಬಂದಿತ್ತು. ಅಲ್ಲಿಯ ಹುಡುಗರನ್ನು ಮನಸ್ಸಿನಲ್ಲೇ ಬೈದು ಸೀಟು ಹಿಂದಕ್ಕೆ ತಳ್ಳಿದೆ. ಗ್ಯಾರೇಜಿನಿಂದ ಕಾರನ್ನು ಮನೆಗೆ ಓಡಿಸಿಕೊಂಡು ಬಂದವಳು ನಾನೇ ಎಂಬುದು ಆಗ ಹೊಳೆಯಲಿಲ್ಲ.

ಎರಡು ವಾರ ತುಂಬುವ ಮೊದಲೇ ಲಕೋಟೆ ಬಂತು. ನಾನು ಕೌನ್ಸಿಲ್ ಸಭೆಗಳ ನಡಾವಳಿ ಬರೆಯುವವಳು. ಯಾರು ಏನು ಅಂದರು ಎಂಬುದನ್ನು ಒಂದು ಪದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ದಾಖಲಿಸುವುದು ನನ್ನ ಅನ್ನ. ಹಾಗಾಗಿ ಆ ಕಾಗದ ಓದುತ್ತಿದ್ದಂತೆ ಮೈ ಉರಿಯತೊಡಗಿತು. ನೋಡಿದ ಕೂಡಲೇ ಪೊಲೀಸರ ನೋಟೀಸು ಅನ್ನಿಸಬೇಕು, ಹಾಗೆ ಅಚ್ಚು ಹಾಕಿದ್ದರು. ಕಪ್ಪು ಪಟ್ಟಿ, ಉದ್ದದ ಸಂಖ್ಯೆ, ಕೆಂಪಕ್ಷರದಲ್ಲಿ ಕೊನೆಯ ದಿನಾಂಕ. ಆದರೆ ಹುಡುಕಿದರೆ ‘ದಂಡ’ ಎಂಬ ಪದ ಎಲ್ಲಿಯೂ ಇಲ್ಲ. ‘ಶುಲ್ಕ’ ಎಂದಿತ್ತು. ದಂಡ ಹಾಕುವ ಅಧಿಕಾರ ಅವರಿಗಿಲ್ಲ. ಯಾವುದೋ ಖಾಸಗಿ ಕಂಪನಿ, ಬೆರಿಕ್ ಪಟ್ಟಣದಲ್ಲಿ ಅಂಗಡಿಗಳ ಹಿಂದಿನ ಖಾಲಿ ಜಾಗವನ್ನು ಗುತ್ತಿಗೆ ಹಿಡಿದು ಕಂಬಕ್ಕೆ ಕ್ಯಾಮೆರಾ ಕಟ್ಟಿ ಕೂತಿದೆ. ನನ್ನ ಕಾರು ಮಧ್ಯಾಹ್ನ ಅಲ್ಲಿಗೆ ಬಂತಂತೆ, ರಾತ್ರಿಯ ಹೊತ್ತಿಗೆ ಹೊರಟಿತಂತೆ. ಅಲ್ಲಿ ಎರಡು ಗಂಟೆ ಮಾತ್ರ ನಿಲ್ಲಿಸಬಹುದಂತೆ. ನಿಲ್ಲಿಸಿದ್ದರಿಂದಲೇ ನಾನು ಅವರೊಂದಿಗೆ ಒಪ್ಪಂದ ಮಾಡಿಕೊಂಡ ಹಾಗಾಯಿತಂತೆ. ನೂರು ಪೌಂಡು ಕೊಡಬೇಕು, ಇಲ್ಲವಾದರೆ ಕಾರು ಓಡಿಸಿದವರ ಹೆಸರು ಹೇಳಬೇಕು.

ಅದು ಹಾಯಿಕ್‌ಗೆ ಹೋಗಿದ್ದ ದಿನ. ನನ್ನ ಕಾರು ಮನೆಯ ಹಿಂದಿನ ಓಣಿಯಲ್ಲಿತ್ತು. ನನ್ನ ವಿಳಾಸ ಇವರಿಗೆ ಕೊಟ್ಟವರು ಯಾರು ಎಂದು ನೋಡಿದರೆ, ಸರ್ಕಾರದ ವಾಹನ ನೋಂದಣಿ ಕಚೇರಿಯವರೇ, ಶುಲ್ಕ ತೆಗೆದುಕೊಂಡು. ನಾನು ನಂಬಿ ಬರೆದುಕೊಟ್ಟ ವಿಳಾಸ ಅದು.

“ಯಾರೋ ನಮ್ಮ ನಂಬರ್ ಪ್ಲೇಟನ್ನ ನಕಲು ಮಾಡಿದಾರೆ,” ಅಂದ ಫರ್ಗಸ್. ಅವನದು ಬೇಲಿ ಹಾಕುವ ಕೆಲಸ; ಯಾವ ವಿಷಯಕ್ಕೂ ಒಂದು ಗೂಟ ಹೊಡೆದು ಮುಗಿಸಿಬಿಡುತ್ತಾನೆ. “ಕಳ್ಳರು. ಒಂದು ಕಾಸೂ ಕೊಡಬೇಡ, ಶೋನಾ.”

ಮೊರಾಗ್ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ತಿರುಗಲಿಲ್ಲ.

ಮಾಂಸದಂಗಡಿಯ ಡೂಗಲ್‌ಗೂ ಅದೇ ಅಭಿಪ್ರಾಯ. ನಮ್ಮ ಕೋಲ್ಡ್‌ಸ್ಟ್ರೀಮ್‌ನಲ್ಲಿ ಕಾನೂನು ಕೇಳಬೇಕಾದರೆ ವಕೀಲರ ಹತ್ತಿರ ಯಾರೂ ಹೋಗುವುದಿಲ್ಲ. ಡೂಗಲ್‌ನ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾರೆ.

“ಪೊಲೀಸರದಾ, ಕೌನ್ಸಿಲ್‌ದಾ, ಖಾಸಗಿಯವರದಾ?” ಕತ್ತಿ ಮಸೆಯುತ್ತಲೇ ಕೇಳಿದ.

“ಖಾಸಗಿ.”

“ಹಾಗಾದ್ರೆ ಕಸದ ಬುಟ್ಟಿಗೆ ಹಾಕಮ್ಮ. ಇದು ಸ್ಕಾಟ್ಲೆಂಡ್. ಇಲ್ಲಿ ಅವರ ಆಟ ನಡೆಯಲ್ಲ. ನನ್ನ ಭಾವಮೈದ ಇಂಥವು ಹದಿನೇಳು ಹರಿದು ಹಾಕಿದಾನೆ. ಒಬ್ಬನೂ ಬಾಗಿಲು ತಟ್ಟಿಲ್ಲ.”

“ಹೋದ ವಾರ ಹನ್ನೊಂದು ಅಂದಿದ್ದೆಯಲ್ಲೋ,” ಅಂದಳು ನನ್ನ ಹಿಂದೆ ನಿಂತಿದ್ದ ಹೆಂಗಸು.

“ಅವನು ನಿಲ್ಲಿಸ್ತಾನೇ ಇರ್ತಾನಲ್ಲಮ್ಮ, ಲೆಕ್ಕ ಏರದೆ ಇರುತ್ತಾ?”

“ಆದ್ರೆ ಇದು ಬೆರಿಕ್‌ದು, ಡೂಗಲ್,” ಅಂದೆ. “ಬೆರಿಕ್ ಇಂಗ್ಲೆಂಡಿಗೆ ಸೇರಿದ್ದು.”

“ಎಲ್ಲಿಯ ಇಂಗ್ಲೆಂಡು? ಟ್ವೀಡ್ ಹೊಳೆಯ ನಮ್ಮ ದಡದಲ್ಲೇ ಇದೆ ಊರು. ಅವರ ಫುಟ್ಬಾಲ್ ತಂಡ ನಮ್ಮ ಲೀಗಲ್ಲೇ ಆಡ್ತದೆ, ನಮ್ಮವರ ಕೈಲೇ ಒದೆ ತಿಂತದೆ. ಒದೆ ತಿನ್ನೋವಾಗ ಸ್ಕಾಟ್ಲೆಂಡು, ದುಡ್ಡು ಕೇಳೋವಾಗ ಇಂಗ್ಲೆಂಡಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಓದಿದೆ. ಕಾನೂನಿಗೆ ಫುಟ್ಬಾಲ್ ಗೊತ್ತಿಲ್ಲ. ಗಡಿಯ ಈ ಕಡೆ ಇಂಥ ಶುಲ್ಕವನ್ನು ಕಾರು ಓಡಿಸಿದವರಿಂದ ಮಾತ್ರ ಕೇಳಬಹುದು. ಓಡಿಸಿದ್ದು ಯಾರೆಂದು ಮಾಲೀಕ ಹೇಳದಿದ್ದರೆ ಕಂಪನಿ ಕೈ ಹೊಸಕಿಕೊಂಡು ಕೂರಬೇಕು. ಡೂಗಲ್‌ನ ಭಾವಮೈದ ಬದುಕಿದ್ದು ಹಾಗೆ. ಆ ಕಡೆ ಬೇರೆ. ಅಲ್ಲಿ ಓಡಿಸಿದವರ ಹೆಸರು ಸಿಗದಿದ್ದರೆ ಮಾಲೀಕನೇ ಕೊಡಬೇಕು, ಅವನು ಆ ಹೊತ್ತಿನಲ್ಲಿ ಎಲ್ಲೇ ಇರಲಿ. ನಾನು ಮಾಡದ ಒಪ್ಪಂದಕ್ಕೆ ನಾನು ಹೊಣೆ. ಇದನ್ನು ಕಾನೂನು ಎಂದು ಕರೆಯುತ್ತಾರೆ.

ಆ ಸಿಟ್ಟಿನಲ್ಲೇ ಉತ್ತರ ಬರೆದೆ. ‘ಅಂದು ನನ್ನ ಕಾರು ನನ್ನ ಮನೆಯ ಹಿಂದಿತ್ತು. ನಾನೂ ನನ್ನ ಗಂಡನೂ ಹಾಯಿಕ್‌ನಲ್ಲಿದ್ದೆವು. ನಿಮ್ಮ ಕ್ಯಾಮೆರಾ ನೋಡಿದ್ದು ಬೇರೆ ಕಾರನ್ನು.’ ತಿದ್ದಿದೆ, ಮತ್ತೆ ತಿದ್ದಿದೆ. ಬಿಗಿಯಾದ ಕಾಗದ ಎಂದು ನನಗೇ ಹೆಮ್ಮೆಯಾಯಿತು.

ಅವರು ಮಣಿಯಲಿಲ್ಲ. ಚಿತ್ರಗಳು ಸ್ಪಷ್ಟವಾಗಿವೆ, ಓಡಿಸಿದವರ ಹೆಸರು ಕೊಡಿ ಎಂದು ಮತ್ತೆ ಬರೆದರು. ಈಗ ಫರ್ಗಸ್‌ಗೆ ರೋಷ ಏರಿತು. ಹಾಯಿಕ್‌ನಲ್ಲಿ ತೆಗೆದ ಫೋಟೋಗಳನ್ನೆಲ್ಲ ಫೋನಿನಿಂದ ತೆಗೆದು ಅಚ್ಚು ಹಾಕಿಸಿಕೊಂಡು ಬಂದ. ಕೋರ್ಟಿಗೆ ಬರಲಿ ಅಂದ. ಪತ್ರಿಕೆಯವರನ್ನು ಕರೆಸುತ್ತೇನೆ ಅಂದ.

“ನಾವಿಬ್ಬರೂ ಊರಲ್ಲಿ ಇರಲಿಲ್ಲ ಅನ್ನೋದಕ್ಕೆ ಐವತ್ತು ಜನ ಸಾಕ್ಷಿ ಇದಾರೆ. ಕಾರನ್ನ ದೆವ್ವ ಓಡಿಸ್ತಾ? ಅವರ ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ.”

ಕಾರಿನ ಗುರುತಿಗೆ ಎಡಗಡೆಯ ಗೀರನ್ನು, ಒಳಗಿನ ಹರಕು ಮ್ಯಾಟನ್ನು ಫೋಟೋ ತೆಗೆದಿಡು ಎಂದೂ ಅವನೇ ಹೇಳಿದ. ಶನಿವಾರ ಓಣಿಗೆ ಹೋಗಿ ಕಾರಿನ ಬಾಗಿಲು ತೆಗೆದೆ. ಮ್ಯಾಟನ್ನು ಎಳೆದಾಗ ಸೀಟಿನ ಕೆಳಗಿನಿಂದ ಸುರುಳಿಯೊಂದು ಉರುಳಿ ಬಂತು. ಕಪ್ಪು ಪ್ಲಾಸ್ಟಿಕ್ಕಿನ ತೆಳು ಹಾಳೆ, ಮೂಗಿಗೆಂದು ನಡುವೆ ಕತ್ತರಿಸಿದ್ದು. ಕಣ್ಣಿನ ಪರೀಕ್ಷೆಗೆ ಹನಿ ಹಾಕಿದ ಮೇಲೆ ಬೆಳಕು ಚುಚ್ಚದಿರಲೆಂದು ಕೊಟ್ಟು ಕಳಿಸುವ ಕನ್ನಡಕ.

ಅದನ್ನು ಕೈಯಲ್ಲಿ ಹಿಡಿದು ಸೀಟಿನ ಮೇಲೆ ಕೂತೆ. ಮೊಣಕಾಲಿಗೆ ಸ್ಟೀರಿಂಗ್ ತಾಗಿದ್ದು ನೆನಪಾಯಿತು. ಟಿಣ್ ಎಂಬ ಸದ್ದು ನೆನಪಾಯಿತು. ಕಾರಿನ ಕೀಲಿಗಳನ್ನು ನಾವು ಹಾಕಿಡುವುದು ಬಾಗಿಲ ಬಳಿಯ ಪಿಂಗಾಣಿ ಬಟ್ಟಲಿನಲ್ಲಿ.

ಮೊರಾಗ್ ಮೂವತ್ತು ವರ್ಷ ಈ ಸೀಮೆಯ ಸಂಚಾರಿ ಗ್ರಂಥಾಲಯದ ವ್ಯಾನು ಓಡಿಸಿದವರು. ಹಿಮ ಬಿದ್ದ ದಿನವೂ ಗುಡ್ಡದ ಮೇಲೆ ಕುರಿ ಸಾಕುವವರ ಮನೆಗಳಿಗೆ ಪತ್ತೇದಾರಿ ಕಾದಂಬರಿಗಳನ್ನು ತಲುಪಿಸಿದವರು. ಚಳಿಗಾಲದಲ್ಲಿ ಅವರ ಕಣ್ಣು ನೋಡಿದ ವೈದ್ಯರು ಇನ್ನು ಓಡಿಸಬಾರದು ಅಂದಾಗ ಲೈಸೆನ್ಸನ್ನು ತಾವೇ ಲಕೋಟೆಗೆ ಹಾಕಿ ಹಿಂದಿರುಗಿಸಿದ್ದರು. ನೋಟದ ನಡುಭಾಗ ಮಸುಕಾಗುತ್ತಿದೆ, ಅಂಚು ಉಳಿದಿದೆ. ಆಮೇಲೊಂದು ಸಲ ಗ್ಯಾಸ್ ಹಚ್ಚಿಟ್ಟು ಮರೆತರು. ಫರ್ಗಸ್ ಅಂದೇ ಹೇಳಿದ್ದ: ಇನ್ನೊಂದು ಇಂಥದ್ದಾದರೆ ಕೆಲ್ಸೋ ಊರಿನ ಆರೈಕೆ ಮನೆಗೆ. ಬಾಯಿಮಾತಿಗಲ್ಲ. ಅಲ್ಲಿ ಹೆಸರು ಬರೆಸಿಯೂ ಬಂದಿದ್ದ. ಕೆಟ್ಟವನಲ್ಲ ಅವನು. ಅಮ್ಮನಿಗೆ ಏನಾದರೂ ಆದೀತೆಂಬ ಹೆದರಿಕೆ ಅವನಲ್ಲಿ ಹೀಗೆ ಅಪ್ಪಣೆಯಾಗಿ ಹೊರಬರುತ್ತದೆ.

ಅವನು ಬೇಲಿ ಕೆಲಸಕ್ಕೆ ಹೋಗಿದ್ದ. ನಾನು ಒಳಗೆ ಬಂದು ಆ ಕಪ್ಪು ಸುರುಳಿಯನ್ನು ಮೊರಾಗ್ ಅವರ ಮಡಿಲಲ್ಲಿ ಇಟ್ಟೆ. ಅವರು ಬೆರಳಿನಿಂದ ಮುಟ್ಟಿ ನೋಡಿದರು. ರೇಡಿಯೋ ಆರಿಸಿದರು.

“ಎಲ್ಲಿತ್ತು?”

“ಸೀಟಿನ ಕೆಳಗೆ.”

“ಹುಡುಕಿ ಸಾಕಾಗಿತ್ತು ನಂಗೆ.” ಮುಖವನ್ನು ನನ್ನ ಕಡೆ ತಿರುಗಿಸಿ, “ಬಯ್ಯೋದಿದ್ರೆ ಬಯ್ದುಬಿಡು ಹುಡುಗೀ. ಕಾಯಿಸಬೇಡ,” ಅಂದರು.

ಬೈದೆ. ದಾರಿಯಲ್ಲಿ ಒಂದು ಮಗು ಅಡ್ಡ ಬಂದಿದ್ದರೆ ಎಂದೆ. ನಿಮಗೆ ಕಾಣಿಸುವುದು ಅಂಚು ಮಾತ್ರ, ಮಕ್ಕಳು ರಸ್ತೆಯ ನಡುವೆಯೂ ಇರುತ್ತಾರೆ ಎಂದೆ. ನನ್ನ ಹೆಸರಿನಲ್ಲಿರುವ ಕಾರು, ನನ್ನ ವಿಮೆ, ಅದ್ಯಾವುದೂ ನಿಮ್ಮ ತಲೆಗೆ ಬರಲಿಲ್ಲವೇ ಎಂದೆ.

“ಯಾಕೆ ಹೋದಿರಿ?”

“ಕನ್ನಡಕದವನ ಹತ್ರ.”

“ಇಲ್ಲೇ ನೋಡಿದ್ದರಲ್ಲ.”

“ಇಲ್ಲಿಯವರು ಆಗಲ್ಲ ಅಂದ್ರು. ಆ ಕಡೆಯವರು ಏನಂತಾರೋ ಕೇಳೋಣ ಅನ್ನಿಸ್ತು. ಗಡಿ ದಾಟಿದ್ರೆ ಔಷಧಿ ಚೀಟಿಯ ನಿಯಮ ಬೇರೆ, ಶಾಲೆ ರಜ ಬೇರೆ, ಕಾನೂನು ಬೇರೆ. ನನ್ನ ಕಣ್ಣೂ ಬೇರೆ ಇರಬಹುದು ಅಂದ್ಕೊಂಡೆ.” ತುಟಿಯಂಚಿನಲ್ಲಿ ನಗು ಬಂದು ಹೋಯಿತು. “ಅಲ್ಲೂ ಅದೇ ಕಣ್ಣು.”

“ಬಸ್ಸಿನಲ್ಲಿ ಹೋಗಬಹುದಿತ್ತಲ್ಲ.”

“ಹೋಗಬಹುದಿತ್ತು. ಕೀಲಿ ಬಟ್ಟಲಲ್ಲಿ ಕೂತು ನನ್ನನ್ನೇ ನೋಡ್ತಿತ್ತು.”

“ಅಷ್ಟು ಹೊತ್ತು ಅಲ್ಲೇನು ಮಾಡಿದಿರಿ?”

“ಕೂತಿದ್ದೆ.” ಅವರು ಸುರುಳಿಯನ್ನು ಬಿಡಿಸಿದರು, ಅದು ಮತ್ತೆ ಸುತ್ತಿಕೊಂಡಿತು. “ಹನಿ ಹಾಕಿದ್ರಲ್ಲ, ಹೊರಗೆ ಬಂದ್ರೆ ಲೋಕವೆಲ್ಲ ಸುಣ್ಣ ಬಳಿದ ಹಾಗಿತ್ತು. ಓಡಿಸಬೇಡಿ, ಹನಿ ಪರಿಣಾಮ ಇಳಿಯೋವರೆಗೂ ಕಾಯಿರಿ ಅಂದ ಆ ಹುಡುಗ. ಕಾದೆ. ಬಿಸಿಲು ತಗ್ಗಲಿ ಅಂತ ಕಾದೆ, ನಿನಗೆ ಗೊತ್ತಲ್ಲ ಜೂನಿನ ಬಿಸಿಲು, ರಾತ್ರಿ ಒಂಬತ್ತಾದ್ರೂ ಹೋಗ್ತೀನಿ ಅಂತಾನೇ ಇರುತ್ತೆ. ಆಮೇಲೆ ಬರೀ ಭಯಕ್ಕೆ ಕೂತೆ. ಹೋಗೋವಾಗ ಇದ್ದ ಧೈರ್ಯ ಬರೋವಾಗ ಇರಲಿಲ್ಲ. ನಿನಗೆ ಫೋನ್ ಮಾಡೋಣ ಅಂತ ತೆಗೆದೆ. ಪಕ್ಕದಲ್ಲಿ ಅವನಿರ್ತಾನೆ ಅಂತ ಇಟ್ಟುಬಿಟ್ಟೆ.”

ಅಡುಗೆಮನೆಯಲ್ಲಿ ನೀರು ಕುದಿಯಿತು. ನಾನು ಹೋಗಿ ಒಲೆ ಆರಿಸಿ ಬಂದೆ.

“ಅದೇ ಕೊನೆ, ಶೋನಾ. ಸೇತುವೆ ಹತ್ರ ಎದುರಿಗೆ ಲಾರಿ ಬಂತು. ದೀಪ ಕಾಣಿಸ್ತು, ಲಾರಿ ಕಾಣಿಸಲಿಲ್ಲ. ಮನೆಗೆ ಬಂದು ನೀವು ಮಲಗೋವರೆಗೂ ಕೀಲೀನ ಕೈಯಲ್ಲೇ ಹಿಡ್ಕೊಂಡು ಕತ್ತಲಲ್ಲಿ ಕೂತಿದ್ದೆ. ಇನ್ನು ಮುಟ್ಟಲ್ಲ.” ಆಮೇಲೆ ಬೆನ್ನು ನೆಟ್ಟಗೆ ಮಾಡಿದರು. “ನನ್ನ ಹೆಸರು ಬರಿ. ನಾನು ಯಾರಿಗೂ ಬಾಕಿ ಉಳಿಸಿಕೊಂಡವಳಲ್ಲ. ಕೋರ್ಟಿಗೆ ಕರೆದ್ರೆ ಹೋಗ್ತೀನಿ. ಹನಿ ಹಾಕಿದ್ರು, ಓಡಿಸಬಾರದು ಅಂದ್ರು, ಅದಕ್ಕೇ ನಿಂತಿದ್ದೆ ಅಂತೀನಿ.”

ನಾನು ಕೋಟು ಹಾಕಿಕೊಂಡು ಬೆರಿಕ್‌ಗೆ ಹೋದೆ. ಕಾರು ಬಿಟ್ಟು ಬಸ್ಸಿನಲ್ಲಿ ಹೋದೆ.

ಆ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಮುಚ್ಚಿದ ಬಟ್ಟೆ ಅಂಗಡಿ, ಕನ್ನಡಕದ ಅಂಗಡಿ, ಅವುಗಳ ಹಿಂದೆ ಡಾಂಬರು ಹಾಕಿದ ಅಂಗಳ. ಅರ್ಧಕ್ಕರ್ಧ ಖಾಲಿ. ಸಂಜೆಯ ಹೊತ್ತು ಅಲ್ಲೊಂದು ಕಾರು ನಿಂತಿದ್ದರೆ ಯಾರಿಗೂ ಒಂದು ಅಡಿ ಜಾಗ ಕಡಿಮೆಯಾಗುತ್ತಿರಲಿಲ್ಲ. ಒಪ್ಪಂದದ ಫಲಕ ಎಲ್ಲಿ ಎಂದು ನೋಡಿದೆ. ದೀಪದ ಕಂಬದ ಮೇಲೆ, ನನ್ನ ತಲೆಗಿಂತ ಎರಡಾಳೆತ್ತರದಲ್ಲಿ. ಮೇಲೆ ದಪ್ಪಕ್ಷರದಲ್ಲಿ ‘ಸ್ವಾಗತ’. ಅದರ ಕೆಳಗೆ ಹಳದಿಯ ಮೇಲೆ ಬಿಳಿಯ ಸಾಲುಗಳು, ಇರುವೆ ಹರಿದ ಹಾಗೆ. ಗಂಟೆಯ ಮಿತಿಯೂ ನೂರು ಪೌಂಡಿನ ಮಾತೂ ಇದ್ದದ್ದು ಆ ಇರುವೆ ಸಾಲಿನಲ್ಲಿ. ನನ್ನ ಕಣ್ಣು ಚೆನ್ನಾಗಿದೆ. ನಾನು ಕಟ್ಟೆ ಹತ್ತಿ, ಕಂಬಕ್ಕೆ ಕೈಕೊಟ್ಟು, ಹಿಮ್ಮಡಿ ಎತ್ತಿ ನಿಂತು ಓದಬೇಕಾಯಿತು.

ಮೊರಾಗ್ ಇಲ್ಲಿ ಕೂತಿದ್ದರು. ಎದುರಿನವರ ಮುಖವೇ ಕಾಣದ ಹೆಂಗಸು, ಕಣ್ಣಿಗೆ ಹನಿ ಹಾಕಿಸಿಕೊಂಡು, ಪ್ಲಾಸ್ಟಿಕ್ ಹಾಳೆ ಮುಚ್ಚಿಕೊಂಡು. ಅವರು ಈ ಫಲಕವನ್ನು ಓದಿ ಒಪ್ಪಿಕೊಂಡರು ಎನ್ನುತ್ತದೆ ಕಂಪನಿ. ಕಣ್ಣು ಕಾಣದೆ ಓಡಿಸಿಬಿಟ್ಟಿದ್ದರೆ, ಎರಡು ಗಂಟೆಯೊಳಗೆ ಹೊರಟು ಯಾರನ್ನಾದರೂ ಗುದ್ದಿದ್ದರೆ, ಈ ಕಂಪನಿಗೆ ಅವರಿಂದ ಏನೂ ತಕರಾರಿರುತ್ತಿರಲಿಲ್ಲ. ಮೊರಾಗ್ ಕಾರು ಓಡಿಸಿಕೊಂಡು ಬಂದದ್ದು ತಪ್ಪು. ಆದರೆ ಅವರು ಕಂಪನಿಗೆ ದುಡ್ಡು ಕೊಡಬೇಕಾದದ್ದು ಆ ಇಡೀ ದಿನದಲ್ಲಿ ಮಾಡಿದ ಒಂದೇ ಒಂದು ಸರಿಯಾದ ಕೆಲಸಕ್ಕೆ.

ಹಿಂದಿರುಗುವ ಬಸ್ಸಿನಲ್ಲಿ ಕಾಗದ ತಾನಾಗಿ ಮೂಡಿತು. ಒಂದೊಂದು ವಾಕ್ಯವೂ ಮೊಳೆಯ ಹಾಗೆ. ‘ಓದಲಾಗದವರೊಂದಿಗೆ ನೀವು ಮಾಡಿಕೊಂಡ ಒಪ್ಪಂದ ಎಂಥದ್ದು? ಓಡಿಸಬೇಡಿ ಎಂದು ಹೇಳಿಸಿಕೊಂಡವರು ನಿಮ್ಮ ಅಂಗಳದಿಂದ ಹೇಗೆ ಹೊರಡಬೇಕಿತ್ತು?’ ಯಾವ ನ್ಯಾಯಾಧೀಶರ ಮುಂದಿಟ್ಟರೂ ನಿಲ್ಲುವ ಮಾತು. ಇಷ್ಟು ವರ್ಷ ಬೇರೆಯವರ ಮಾತು ಬರೆದಿದ್ದೇನೆ; ನನ್ನದೇ ಆದ ಇಷ್ಟು ಒಳ್ಳೆಯ ಕಾಗದ ಎಂದೂ ಬರೆದಿರಲಿಲ್ಲ.

ಕಳಿಸುವ ಹಾಗಿರಲಿಲ್ಲ. ಆ ಕಾಗದ ಗೆಲ್ಲಬೇಕಾದರೆ ಮೊದಲ ಸಾಲಿನಲ್ಲಿ ಓಡಿಸಿದವರು ಯಾರೆಂದು ಇರಬೇಕು, ಎರಡನೆಯ ಸಾಲಿನಲ್ಲಿ ಅವರ ಕಣ್ಣು ಹೇಗಿದೆ ಎಂದು. ಕಾರು ನಿಲ್ಲಿಸುವ ಕಾನೂನು ಗಡಿಯಲ್ಲಿ ಎರಡಾಗುತ್ತದೆ, ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಎರಡೂ ಕಡೆ ಒಂದೇ ಕಾನೂನು. ಪೊಲೀಸರಿಗಿಂತ ಮೊದಲು ಫರ್ಗಸ್‌ಗೆ ತಿಳಿಯುತ್ತದೆ. ಕೆಲ್ಸೋದವರು ಕೋಣೆ ಖಾಲಿಯಿದೆ ಎಂದು ಆ ವಾರವಷ್ಟೇ ಫೋನು ಮಾಡಿದ್ದರು. ಫರ್ಗಸ್‌ನ ಹೋರಾಟವನ್ನು ಮುಂದುವರಿಯಲು ಬಿಟ್ಟರೂ ಫಲ ಅದೇ. ನಾವಿಬ್ಬರೂ ಮನೆಯಲ್ಲಿರಲಿಲ್ಲ ಎಂದು ಅವನು ಎಷ್ಟು ಗಟ್ಟಿಯಾಗಿ ಸಾಬೀತು ಮಾಡುತ್ತಾನೋ, ಮನೆಯಲ್ಲಿದ್ದ ಮೂರನೆಯವರ ಕಡೆ ಅಷ್ಟು ನೆಟ್ಟಗೆ ಬೆರಳು ತೋರಿಸುತ್ತಾನೆ. ಅವನಿಗದು ಹೊಳೆದಿಲ್ಲ. ಕೋರ್ಟಿನಲ್ಲಿ ಯಾರಾದರೂ ಒಂದೇ ಪ್ರಶ್ನೆ ಕೇಳಿದರೆ ಹೊಳೆಯುತ್ತದೆ.

ಉಳಿದದ್ದು ನಾನು ಅಷ್ಟು ದಿನದಿಂದ ಶಪಿಸುತ್ತಿದ್ದ ಆ ಕಡೆಯ ಕಾನೂನು ಮಾತ್ರ. ಹೆಸರು ಹೇಳದಿದ್ದರೆ ಮಾಲೀಕನೇ ಕೊಡಬೇಕು. ಮಾಲೀಕ ಕೊಟ್ಟುಬಿಟ್ಟರೆ ಹೆಸರನ್ನು ಯಾರೂ ಕೇಳುವುದಿಲ್ಲ.

ಮನೆಗೆ ಬಂದು, ಅಂಗಳದ ಫಲಕ ನೋಡಿ ಬಂದದ್ದನ್ನೂ ದುಡ್ಡು ನಾನೇ ಕಟ್ಟುವುದನ್ನೂ ಮೊರಾಗ್‌ಗೆ ಹೇಳಿದೆ. ಅವರ ಮುಖ ಕೆಂಪಾಯಿತು.

“ನನ್ನ ತಪ್ಪಿಗೆ ನೀನು ತಲೆ ಕೊಡೋದಾ? ಆ ಕಳ್ಳರ ಮುಂದೆ?”

“ನಾನು ಕಾರಿನ ಮಾಲೀಕಳು. ಮಾಲೀಕಳಾಗಿ ಕೊಡ್ತೀನಿ. ಕೀಲಿ ಇನ್ಮೇಲೆ ನನ್ನ ಚೀಲದಲ್ಲಿರುತ್ತೆ.”

“ನಂಬಿಕೆ ಇಲ್ವಾ?”

“ನಿಮ್ಮ ಮೇಲೆ ಇದೆ. ಆ ಬಟ್ಟಲಿನ ಮೇಲೆ ಇಲ್ಲ.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. “ಆ ಫಲಕದಲ್ಲಿ ಏನು ಬರೆದಿತ್ತು?” ಎಂದು ಕೇಳಿದರು.

“ಸ್ವಾಗತ ಅಂತ.”

ಅವರು ನಕ್ಕ ರೀತಿ ಕೇಳಲು ಹಿತವಾಗಿರಲಿಲ್ಲ.

ಫೋನಿನಲ್ಲಿ ಆ ಕಂಪನಿಯ ಪುಟ ತೆರೆದೆ. ‘ಓಡಿಸಿದವರು’ ಎಂಬ ಕಡೆ ಖಾಲಿ ಬಿಟ್ಟು, ‘ವಾಹನದ ಮಾಲೀಕರು’ ಎಂಬ ಕಡೆ ಗುರುತು ಹಾಕಿದೆ. ನನ್ನ ಕಾರು ಅಲ್ಲಿರಲಿಲ್ಲ ಎಂದು ಬರೆದಿದ್ದ ನನ್ನದೇ ಸುಳ್ಳು ಕಾಗದ ಅವರ ಕಡತದಲ್ಲಿ ನನ್ನ ಸಹಿಯೊಂದಿಗೆ ಉಳಿಯುತ್ತದೆ. ದುಡ್ಡು ಹೋಯಿತು. ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದು ತಕ್ಷಣ ಉತ್ತರ ಬಂತು.

ರಾತ್ರಿ ಊಟದ ಹೊತ್ತಿನಲ್ಲಿ ಫರ್ಗಸ್ ಮತ್ತೆ ಪತ್ರಿಕೆಯವರ ಮಾತೆತ್ತಿದ.

“ಬೇಡ, ಅದು ಮುಗೀತು. ಇನ್ನು ಅವರು ಬರೆಯಲ್ಲ,” ಅಂದೆ. ಅಷ್ಟೇ ಅಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಬೇಕಾದರೆ ಯಾರಾದರೂ ದಾಖಲಿಸಿಕೊಳ್ಳಲಿ.

“ಹೆದರಿ ಓಡಿದ್ರಾ? ನಾನು ಹೇಳಲಿಲ್ವಾ?” ಅವನು ಮೇಜು ಕುಟ್ಟಿದ. “ಕೇಳಿದ್ಯಾ ಅಮ್ಮ?”

“ಕೇಳ್ತಿದೀನಪ್ಪ. ಕಿವಿ ಚೆನ್ನಾಗಿದೆ,” ಅಂದರು ಮೊರಾಗ್, ಆಲೂಗಡ್ಡೆಯನ್ನು ಚಮಚದಿಂದ ಒತ್ತುತ್ತ.

ಮುಂದಿನ ಶನಿವಾರ ಡೂಗಲ್‌ನ ಅಂಗಡಿಗೆ ಹೋದೆ. ಸಾಲು ಬಾಗಿಲವರೆಗೂ ಇತ್ತು. ಫರ್ಗಸ್ ನನಗಿಂತ ಮೊದಲೇ ಸುದ್ದಿ ಹರಡಿದ್ದ. ಸಾಲಿನ ಮುಂದೆ ಹೊಸ ಹುಡುಗಿಯೊಬ್ಬಳು, ಕೈಯಲ್ಲಿ ಅದೇ ಕಪ್ಪು ಪಟ್ಟಿಯ ಕಾಗದ. ಬೆರಿಕ್‌ದೇ ಇರಬೇಕು.

“ಹಾಕು ಬುಟ್ಟಿಗೆ,” ಅನ್ನುತ್ತಿದ್ದ ಡೂಗಲ್. “ಬೇಕಾದ್ರೆ ಅಲ್ಲಿ ಶೋನಾನ ಕೇಳು. ಓದಿಕೊಂಡವಳು, ನನ್ನ ಮಾತಿಗೆ ಇಂಗ್ಲೆಂಡು ಗಿಂಗ್ಲೆಂಡು ಅಂತ ತಕರಾರು ತೆಗೆದಿದ್ದಳು. ಕೊನೆಗೆ ಏನಾಯ್ತು? ಬಾಲ ಮುದುರಿಕೊಂಡು ಹೋದ್ರು. ಹೌದೋ ಇಲ್ವೋ, ಹೇಳಮ್ಮ.”

ಅಂಗಡಿಯವರೆಲ್ಲ ನನ್ನ ಕಡೆ ತಿರುಗಿದರು. ತಪ್ಪು, ಎಲ್ಲವೂ ತಪ್ಪು ಎಂದು ಕಿರುಚಬೇಕೆನ್ನಿಸಿತು. ಆ ಫಲಕದ ಬಗ್ಗೆ, ಆ ಅಂಗಳದಲ್ಲಿ ಬೆಳಕು ತಗ್ಗಲೆಂದು ಕಾದು ಕೂತಿದ್ದ ಮುದುಕಿಯ ಬಗ್ಗೆ ನನ್ನ ಬಳಿ ಮೊಳೆಯಂಥ ವಾಕ್ಯಗಳಿದ್ದವು. ಒಂದನ್ನು ಬಾಯಿಬಿಟ್ಟರೆ ಉಳಿದವೂ ಹೊರಡುತ್ತಿದ್ದವು.

“ಬುಟ್ಟಿಗೆ ಹಾಕೋ ಮೊದಲು ಊರಿನ ಹೆಸರು ನೋಡ್ಕೋ,” ಅಂದೆ ಆ ಹುಡುಗಿಗೆ. “ಬೆರಿಕ್ ಇಂಗ್ಲೆಂಡೇ.”

“ಮತ್ತೆ ಶುರು ಮಾಡಿದಳು,” ಅಂದ ಡೂಗಲ್. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕು ಕಾಗದವನ್ನು ಎರಡಾಗಿ ಮಡಚಿದಳು. ಹರಿಯುತ್ತಾಳೋ ಇಡುತ್ತಾಳೋ ತಿಳಿಯಲಿಲ್ಲ.

“ನಿನಗೆ ಅವರು ಕಾಗದ ನಿಲ್ಲಿಸಿದ್ದು ಹೇಗೆ ಹಾಗಾದ್ರೆ?” ಡೂಗಲ್ ಬಿಡಲಿಲ್ಲ.

ಚೀಲದೊಳಗೆ ಕೈಯಿಟ್ಟೆ. ಕಾರಿನ ಕೀಲಿ ತಣ್ಣಗೆ ಬೆರಳಿಗೆ ತಾಗಿತು. ಡೂಗಲ್‌ಗಿರಲಿ, ಫರ್ಗಸ್‌ಗಿರಲಿ, ಮುಂದೊಂದು ದಿನ ಮೊರಾಗ್ ಇಲ್ಲವಾದ ಮೇಲಾದರೂ ಇರಲಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಆ ಸಾಲಿನಲ್ಲಿ ನಿಂತೇ ತೀರ್ಮಾನಿಸಿದೆ.

“ನಾಲ್ಕು ಸಾಸೇಜು ಕೊಡು,” ಅಂದೆ. “ಮೊರಾಗ್‌ಗೆ ಇಷ್ಟ.”